ಹಣ ಕೊಡುವ ಮುನ್ನ ತಗಡು ಸರಿಸಿ ನೋಡಿ

ಪ್ರಶ್ನೆ: ನಾನು ತಿಪಟೂರಿನವಳು, ನಿವೃತ್ತ ಶಿಕ್ಷಕಿ. ನಮ್ಮ ಅಜ್ಜಿ ಬಳಸುತ್ತಿದ್ದ, ಕೈಯಿಂದ ತಿರುಗಿಸುವ ಸಿಂಗರ್ ಹೊಲಿಗೆ ಯಂತ್ರ ಅಟ್ಟದ ಮೇಲೆ ಸಿಕ್ಕಿತು. ಒಳಗೆ, ಕೆಳದಾರದ ಬಾಬಿನ್ ಹೊತ್ತು ಓಡಾಡುವ ದೋಣಿಯಂಥ ಶಟಲ್ ಇದೆ. ಸಂಖ್ಯೆ ‘ಎಫ್’ ಅಕ್ಷರದಿಂದ ಶುರುವಾಗುತ್ತದೆ. ಬಾಬಿನ್ನಿಗೆ ದಾರ ಸುತ್ತುವ ಭಾಗ ಗಾಲಿಯ ಪಕ್ಕದಲ್ಲಿ ಕೆಳಗಿದೆ. ಗಾಲಿ ಅಲುಗಾಡುವುದಿಲ್ಲ. ಮೇಲಿನ ಚಿನ್ನದ ಬಣ್ಣದ ಚಿತ್ತಾರ ಅರ್ಧ ಅಳಿಸಿದೆ. ಇದನ್ನು ಸರಿಪಡಿಸಿ, ಇಂಥವೇ ಇನ್ನು ನಾಲ್ಕಾರನ್ನು ಕೂಡಿಸಬೇಕೆಂಬ ಆಸೆ ಹುಟ್ಟಿದೆ. ಬೆಂಗಳೂರಿನ ಗುಜರಿ ವ್ಯಾಪಾರಿಯೊಬ್ಬರು ‘1851ರ ಮಷೀನು’ ಎಂದು ಒಂದಕ್ಕೆ ನಲವತ್ತು ಸಾವಿರ ರೂಪಾಯಿ ಹೇಳುತ್ತಿದ್ದಾರೆ. ಕೊಳ್ಳಬಹುದೇ? ನಮ್ಮದಕ್ಕೆ ಹೊಸ ಬಣ್ಣ ಹೊಡೆಸಬಹುದೇ? ಜರ್ಮನಿಯಲ್ಲಿರುವ ಮಗಳು ಅಜ್ಜಿಯ ಯಂತ್ರ ತನಗೇ ಬೇಕೆನ್ನುತ್ತಾಳೆ, ಕಳಿಸಲು ಅಡ್ಡಿಯಿದೆಯೇ?

ಉತ್ತರ: ನಲವತ್ತು ಸಾವಿರದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ: ಕೊಳ್ಳಬೇಡಿ. 1851 ಎನ್ನುವುದು ಐಸಾಕ್ ಮೆರಿಟ್ ಸಿಂಗರ್ ಅಮೆರಿಕದಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ ವರ್ಷ. ಅವನ ಆ ಮೊದಲ ಯಂತ್ರಗಳು ಕಾರ್ಖಾನೆಗೆಂದು ಮಾಡಿದ ಒಡ್ಡು ಎರಕದವು. ಸಾಗಿಸಲು ಬಳಸಿದ ಮರದ ಪೆಟ್ಟಿಗೆಯನ್ನೇ ಮೇಜಾಗಿಸಿ, ಅದರ ಮೇಲೆ ಯಂತ್ರವನ್ನಿಟ್ಟು ಕಾಲಿನಿಂದ ತುಳಿದು ಓಡಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಕಾಣುವ, ಕಪ್ಪು ಮೈಯ, ಚಿನ್ನದ ಚಿತ್ತಾರದ ಕೈಮಷೀನಿಗೂ ಅದಕ್ಕೂ ನೋಟದಲ್ಲಿ ಯಾವ ಹೋಲಿಕೆಯೂ ಇಲ್ಲ. ಅಂಥ ಒಂದು ಯಂತ್ರ ಬೆಂಗಳೂರಿನ ಗುಜರಿಗೆ ಬಂದಿದ್ದರೆ ನಲವತ್ತು ಸಾವಿರಕ್ಕೆ ಯಾರೂ ಕೊಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ವ್ಯಾಪಾರಿ ಸುಳ್ಳು ಹೇಳುತ್ತಿದ್ದಾರೆ ಎಂದೇನೂ ನಾನು ಹೇಳುವುದಿಲ್ಲ. ಎಲ್ಲೋ ಓದಿದ ವರ್ಷವನ್ನು ಕೈಗೆ ಸಿಕ್ಕ ಯಂತ್ರಕ್ಕೆ ಅಂಟಿಸುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಕೆಲವು ಹಳೆಯ ಸಿಂಗರ್‌ಗಳಲ್ಲಿ ಸೂಜಿಯ ಎಡಕ್ಕೆ ಸರಿಸುವ ತಗಡಿನ ಮೇಲೆ 1880ರ ದಶಕದ ದಿನಾಂಕಗಳನ್ನೇ ಕೆತ್ತಿರುತ್ತಾರೆ. ಅವೂ ಪೇಟೆಂಟಿನ ದಿನಾಂಕಗಳು, ಯಂತ್ರ ಹುಟ್ಟಿದ ದಿನವಲ್ಲ.

ಹುಟ್ಟಿದ ಕಾಲ ತಿಳಿಯುವುದು ಸಂಖ್ಯೆಯಿಂದ. ಪೀಠದ ಬಲತುದಿಯಲ್ಲಿ, ಕಂಬದ ಬುಡದ ಹತ್ತಿರ ಸಣ್ಣ ಹಿತ್ತಾಳೆ ಬಣ್ಣದ ಪಟ್ಟಿಯ ಮೇಲೋ ಎರಕದ ಮೇಲೋ ಅದು ಇರುತ್ತದೆ. 1900ಕ್ಕೆ ಮೊದಲಿನ ಸಿಂಗರ್‌ಗಳಲ್ಲಿ ಬರೀ ಅಂಕಿಗಳು. ಆಮೇಲಿನವುಗಳಲ್ಲಿ ಅಂಕಿಗಳ ಮುಂದೆ ಅಕ್ಷರ. ಆ ಅಕ್ಷರ ಕಾರ್ಖಾನೆಯನ್ನೂ ಕಾಲವನ್ನೂ ಸೂಚಿಸುತ್ತದೆ. ‘ಜಿ’ ಇದ್ದರೆ ಅಮೆರಿಕದ ನ್ಯೂಜೆರ್ಸಿಯ ಎಲಿಜಬೆತ್ ಊರಿನದು. ‘ವೈ’ ಇದ್ದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನದು, 1920ರ ದಶಕ ಅಥವಾ 30ರ ದಶಕದ ಮೊದಲರ್ಧ. ನಿಮ್ಮ ‘ಎಫ್’ ಕೂಡ ಕ್ಲೈಡ್‌ಬ್ಯಾಂಕಿನದೇ, 1910ರ ದಶಕದ್ದು. ಇಂಗ್ಲೆಂಡಿನಲ್ಲಿ ನೆಲೆಯಿರುವ ಹೊಲಿಗೆ ಯಂತ್ರ ಸಂಗ್ರಾಹಕರ ಅಂತರರಾಷ್ಟ್ರೀಯ ಸಂಘವೊಂದು ಈ ಸಂಖ್ಯೆಗಳ ಪಟ್ಟಿಯನ್ನು ಅಂತರಜಾಲದಲ್ಲಿ ಇಟ್ಟಿದೆ. ‘ಇಸ್ಮ್ಯಾಕ್ಸ್’ ಎಂದು ಹುಡುಕಿದರೆ ಸಿಗುತ್ತದೆ. ಅಲ್ಲಿ ತೋರುವ ದಿನಾಂಕ ಆ ಸಂಖ್ಯೆಗಳ ಕಂತೆಯನ್ನು ಕಾರ್ಖಾನೆಗೆ ಹಂಚಿಕೊಟ್ಟ ದಿನ. ಯಂತ್ರ ತಯಾರಾಗಿ ಹೊರಬಿದ್ದದ್ದು ಅದಾದ ಕೆಲವು ತಿಂಗಳಿಗೂ ಇರಬಹುದು.

ಕ್ಲೈಡ್‌ಬ್ಯಾಂಕ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಬೆಲೆಯ ಗುಟ್ಟು ಅಲ್ಲೇ ಇದೆ. ಗ್ಲಾಸ್ಗೋ ಪಕ್ಕದ ಕಿಲ್ಬೋವಿಯಲ್ಲಿ ಸಿಂಗರ್ ಕಂಪನಿಯ ಕಾರ್ಖಾನೆ 1885ರಲ್ಲಿ ಶುರುವಾಗಿ 1980ರವರೆಗೆ ನಡೆಯಿತು. ಮಾದರಿ ಸಂಖ್ಯೆಗಳ ಕೊನೆಯ ‘ಕೆ’ ಅಕ್ಷರ ಆ ಕಿಲ್ಬೋವಿಯದೇ: 28ಕೆ, 99ಕೆ, ಹೀಗೆ. ಕಾರ್ಖಾನೆ ನೆಲಸಮವಾಗಿದ್ದರೂ ಅಲ್ಲಿನ ರೈಲು ನಿಲ್ದಾಣದ ಹೆಸರು ಇಂದಿಗೂ ‘ಸಿಂಗರ್’. 1913ರ ಒಂದೇ ವರ್ಷದಲ್ಲಿ ಅಲ್ಲಿಂದ ಹೊರಟ ಯಂತ್ರಗಳು 13 ಲಕ್ಷಕ್ಕೂ ಹೆಚ್ಚು. ಒಂದು ಕಾರ್ಖಾನೆಯ ಒಂದು ವರ್ಷದ ಲೆಕ್ಕ ಇದು! ಎರಕ ಗಟ್ಟಿ, ಉಕ್ಕು ಗಟ್ಟಿ, ಸವೆತ ಕಡಿಮೆ. ಹೀಗಾಗಿ ಹಾಳಾಗಿ ಹೋದದ್ದಕ್ಕಿಂತ ಅಟ್ಟ ಸೇರಿದ್ದು ಹೆಚ್ಚು. ನೂರು ವರ್ಷ ಕಳೆದರೂ ಸಿಂಗರ್ ಕೈಮಷೀನು ಅಪರೂಪದ ವಸ್ತುವಲ್ಲ. ಬ್ರಿಟನ್ನಿನಲ್ಲಿ ಇವು ಎಷ್ಟು ಸಾಮಾನ್ಯವೆಂದರೆ, ಬಟ್ಟೆ ಮಾರುವ ಆಲ್‌ಸೇಂಟ್ಸ್ ಎಂಬ ಕಂಪನಿ ನೂರಾರು ಹಳೆಯ ಯಂತ್ರಗಳನ್ನು ಕೊಂಡು ತನ್ನ ಅಂಗಡಿಗಳ ಗಾಜಿನ ಕಿಟಕಿಗಳ ತುಂಬ ಸಾಲುಸಾಲಾಗಿ ಜೋಡಿಸಿತು. ಅಲ್ಲಿನ ಕೆಲವು ದತ್ತಿ ಸಂಸ್ಥೆಗಳು ಇವನ್ನು ದಾನವಾಗಿ ಪಡೆದು, ರಿಪೇರಿ ಮಾಡಿ, ವಿದ್ಯುತ್ ಇಲ್ಲದ ಆಫ್ರಿಕದ ಹಳ್ಳಿಗಳಿಗೆ ಕಳಿಸುತ್ತವೆ. ನನಗೆ ಈ ಎರಡನೆಯದೇ ಯಂತ್ರಕ್ಕೆ ಗೌರವ ಕೊಡುವ ರೀತಿ ಎನಿಸುತ್ತದೆ.

ಆದ್ದರಿಂದ ಸಂಗ್ರಹಕ್ಕೆ ಇಳಿಯುವವರು ವಯಸ್ಸಿಗೆ ಹಣ ಕೊಡಬಾರದು, ಇಡಿತನಕ್ಕೆ ಕೊಡಬೇಕು. ಎಲ್ಲ ಭಾಗಗಳೂ ಉಳಿದಿರುವ, ಮೊದಲಿನ ಬಣ್ಣವೇ ಇರುವ, ತಿರುಗುವ 1930ರ ಯಂತ್ರ, ಅರ್ಧ ಭಾಗ ಕಳೆದುಹೋದ 1890ರ ಯಂತ್ರಕ್ಕಿಂತ ಎಷ್ಟೋ ಮೇಲು.

ಗುಜರಿಯಲ್ಲಾಗಲಿ, ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಾಗಲಿ, ಮುಚ್ಚಿದ ದರ್ಜಿ ಅಂಗಡಿಯಲ್ಲಾಗಲಿ ಯಂತ್ರ ಕಂಡಾಗ ನಾನು ಚಿತ್ತಾರದ ಕಡೆ ನೋಡುವುದಿಲ್ಲ. ಮೊದಲು ಸೂಜಿಯ ಎಡಗಡೆಯ ತಗಡನ್ನು ಸರಿಸಿ ಒಳಗೆ ಬೆರಳು ಹಾಕುತ್ತೇನೆ. ಶಟಲ್ ಇದೆಯೇ? ಇದ್ದರೆ ಅದರೊಳಗೆ ಉದ್ದನೆಯ ಬಾಬಿನ್ ಇದೆಯೇ? ಹತ್ತರಲ್ಲಿ ಐದಾರು ಯಂತ್ರಗಳ ಕಥೆ ಇಲ್ಲೇ ಮುಗಿಯುತ್ತದೆ. ಶಟಲ್ ಸಣ್ಣದು, ಬಿಡಿ ವಸ್ತು. ಮಕ್ಕಳು ಆಟಕ್ಕೆ ಒಯ್ಯುತ್ತಾರೆ, ಬಟ್ಟೆ ಚೂರುಗಳ ಜೊತೆ ಕಸಕ್ಕೆ ಹೋಗುತ್ತದೆ. ಹೊಸದಾಗಿ ಮಾಡಿದ ಶಟಲ್‌ಗಳೂ ಬಾಬಿನ್‌ಗಳೂ ಸಿಗುತ್ತವೆ (ಬಾಬಿನ್ನಿನ ಹಳೆಯ ಸಿಂಗರ್ ಸಂಖ್ಯೆ 8228). ಆದರೆ ಹೊಸ ಶಟಲ್‌ಗಳ ಮೂತಿ ಎಷ್ಟೋ ಸಲ ಒರಟಾಗಿದ್ದು ದಾರವನ್ನು ಹರಿಯುತ್ತದೆ. ಹಳೆಯ ಶಟಲ್ಲಿನ ಮೂತಿಯ ಮೇಲೆ ಉಗುರು ಆಡಿಸಿ ನೋಡಿ. ನುಣುಪಾಗಿದ್ದರೆ ಸರಿ, ತುಕ್ಕು ತಿಂದು ಗುಳಿ ಬಿದ್ದಿದ್ದರೆ ಬೆಲೆ ಇಳಿಸಲು ನಿಮಗೊಂದು ಕಾರಣ ಸಿಕ್ಕಿತು. ಆ ಸರಿಸುವ ತಗಡೂ ಸುಲಭವಾಗಿ ಕಳೆಯುವ ಭಾಗವೇ.

ಆಮೇಲೆ ನೋಡಬೇಕಾದದ್ದು ತಿರುಗಿಸುವ ಹಿಡಿ. ಇಲ್ಲೊಂದು ಮೋಸವಿದೆ. ಕಾಲಿನಿಂದ ತುಳಿಯುವ ಯಂತ್ರದ ತಲೆಯನ್ನು ಮೇಜಿನಿಂದ ಬಿಚ್ಚಿ, ಅದಕ್ಕೆ ಹೊಸದೊಂದು ಹಿಡಿ ಜೋಡಿಸಿ ‘ಪುರಾತನ ಕೈಮಷೀನು’ ಎಂದು ಮಾರುತ್ತಾರೆ. ಹೊಸ ಹಿಡಿಗಳು ಇಂದಿಗೂ ತಯಾರಾಗುತ್ತವೆ, ಕೊಳ್ಳುವುದು ಸುಲಭ. ಅವುಗಳ ಎರಕದ ಅಂಚು ಒರಟು, ಬಣ್ಣ ದಪ್ಪ, ಮರದ ಗುಬ್ಬಿಯ ಜಾಗದಲ್ಲಿ ಪ್ಲಾಸ್ಟಿಕ್. ನಿಜವಾದ ಕೈಮಷೀನಿನಲ್ಲಿ ಹಿಡಿಯ ಸವೆತವೂ ಗಾಲಿಯ ಸವೆತವೂ ಪೀಠದ ಮುಂಭಾಗದಲ್ಲಿ ಕೈ ಉಜ್ಜಿದ ಸವೆತವೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಹಾಗೆ ಜೋಡಿಸಿದ ಯಂತ್ರ ಹೊಲಿಯುವುದಿಲ್ಲವೆಂದಲ್ಲ, ಚೆನ್ನಾಗಿಯೇ ಹೊಲಿಯುತ್ತದೆ. ಆದರೆ ಪುರಾತನದ ಬೆಲೆ ಅದಕ್ಕಿಲ್ಲ. ಮೇಲಿನ ಕಮಾನಿನ ಆಕಾರದ ಮರದ ಮುಚ್ಚಳ, ಅದರ ಬೀಗದ ಕೈ, ಕೆಳಗಿನ ಹಲಗೆ ಇವು ಇದ್ದರೆ ಒಳ್ಳೆಯದು. ಮರಕ್ಕೆ ಹುಳು ಹಿಡಿದಿದೆಯೇ ಎಂದು ಅಂಗಡಿಯಲ್ಲೇ ತಟ್ಟಿ ನೋಡಿ, ಹಿಟ್ಟು ಉದುರಿದರೆ ಮುಚ್ಚಳವನ್ನು ಅಲ್ಲೇ ಬಿಟ್ಟುಬನ್ನಿ.

ಮಾದರಿ ಗುರುತಿಸುವುದು ಕಷ್ಟವಲ್ಲ. ಸಿಂಗರ್‌ನಲ್ಲಿ ಅತ್ತಿತ್ತ ತೂಗುವ ದೋಣಿ ಶಟಲ್ ಇದ್ದರೆ ಸಾಮಾನ್ಯವಾಗಿ 27, 28, 127, 128 ಈ ನಾಲ್ಕರಲ್ಲಿ ಒಂದು. ಪೀಠದ ಉದ್ದ ಸುಮಾರು ಹದಿನಾಲ್ಕೂವರೆ ಇಂಚು ಇದ್ದರೆ 27 ಅಥವಾ 127. ಹನ್ನೆರಡು ಇಂಚಿನ ಆಸುಪಾಸಿನಲ್ಲಿದ್ದರೆ 28 ಅಥವಾ 128. ದಾರ ಸುತ್ತುವ ಭಾಗ ಕೆಳಗೆ, ಪೀಠದ ಹತ್ತಿರ ಇದ್ದರೆ ಹಳೆಯ ಜೋಡಿ (27, 28). ಗಾಲಿಯ ಮೇಲ್ಭಾಗಕ್ಕೆ ಹೋಗಿದ್ದರೆ ಹೊಸ ಜೋಡಿ (127, 128). ನೀವು ಹೇಳಿದ ಗುರುತುಗಳ ಪ್ರಕಾರ ನಿಮ್ಮದು 27ಕೆ ಅಥವಾ 28ಕೆ. ಅಳೆದರೆ ಗೊತ್ತಾಗುತ್ತದೆ. ಮನೆಬಳಕೆಯ ಕೈಮಷೀನುಗಳಲ್ಲಿ ಚಿಕ್ಕದಾದ 28 ಹೆಚ್ಚು ಓಡಾಡಿದ ಮಾದರಿ. ನಮ್ಮಲ್ಲಿ ಹೊಲಿಯುವವರು ನೆಲದ ಮೇಲೆ ಕುಳಿತೇ ಹೊಲಿಯುತ್ತಿದ್ದರಿಂದ, ಎತ್ತಿ ಒಯ್ಯಬಲ್ಲ ಇಂಥ ಯಂತ್ರ ತುಳಿಯುವ ಮೇಜಿಗಿಂತ ಹೊಂದಿಕೊಂಡಿತು.

ದುಂಡನೆಯ ಬಾಬಿನ್ ಇದ್ದರೆ ಬೇರೆ ಕುಟುಂಬ. ಬಾಬಿನ್ ನೆಟ್ಟಗೆ ನಿಂತಿದ್ದರೆ 15. ಮಲಗಿದ್ದರೆ 66 ಅಥವಾ ಅದರ ತಂಗಿ 99. ಹೊಲಿಯುವ ಆಸೆಯೂ ಇದ್ದರೆ ನಾನು 99ಕೆಯನ್ನೇ ಹೇಳುತ್ತೇನೆ: ಚಿಕ್ಕದು, ಮೃದು, ದಾರ ತೊಡಕುವುದು ಕಡಿಮೆ. ಆದರೆ 66 ಮತ್ತು 99ರ ಬಾಬಿನ್ನಿನ ಎರಡೂ ಮುಖಗಳು ತುಸು ಉಬ್ಬಾಗಿರುತ್ತವೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಮುಖ ಚಪ್ಪಟೆಯಿರುವ 15ರ ಬಾಬಿನ್ ಹಾಕಿದರೆ ಹೊಲಿಗೆ ಕೆಡುತ್ತದೆ. ಸಿಂಗರ್ 12 ಎಂಬ, 1865ರಿಂದ ಬಂದ ಪಿಟೀಲಿನ ಆಕಾರದ ಪೀಠದ ಮಾದರಿ ನೋಡಲು ಇವೆಲ್ಲಕ್ಕಿಂತ ಚೆಲುವು. ಅದರ ಸೂಜಿ ಇಂದು ಸುಲಭವಾಗಿ ಸಿಗುವುದಿಲ್ಲ. ಕೊಂಡರೆ ನೋಡುವುದಕ್ಕೆಂದೇ ಕೊಳ್ಳಿ.

ಬರೀ ಸಿಂಗರ್ ಕೂಡಿಸುವುದು ಬೇಸರದ ಕೆಲಸ ಎನ್ನುವುದು ನನ್ನ ಅಭಿಪ್ರಾಯ. ನಾಲ್ಕಾರೇ ಸಾಕು ಎನ್ನುವುದಾದರೆ ನಾಲ್ಕಾರೂ ಬೇರೆ ಬೇರೆ ಯೋಚನೆಯ ಯಂತ್ರಗಳಾಗಿರಲಿ. ದೋಣಿ ಶಟಲ್ಲಿನದು ನಿಮ್ಮಲ್ಲಿದೆ. ದುಂಡು ಬಾಬಿನ್ನಿನದು ಒಂದು. ಮ್ಯಾಂಚೆಸ್ಟರ್ ಬಳಿಯ ಗೈಡ್ ಬ್ರಿಜ್‌ನ ಜೋನ್ಸ್ ಅಥವಾ ಬರ್ಲಿನ್ನಿನ ಫ್ರಿಸ್ಟರ್ ಉಂಡ್ ರಾಸ್‌ಮನ್ ಸಿಕ್ಕರೆ ಒಂದು. ಒಂದೇ ದಾರದಲ್ಲಿ ಸರಪಳಿ ಹೊಲಿಗೆ ಹಾಕುವ ವಿಲ್ಕಾಕ್ಸ್ ಅಂಡ್ ಗಿಬ್ಸ್ ಸಿಕ್ಕರಂತೂ ಬಿಡಬೇಡಿ. ವರ್ಜೀನಿಯಾದ ಜೇಮ್ಸ್ ಗಿಬ್ಸ್ 1857ರಲ್ಲಿ ಪೇಟೆಂಟ್ ಪಡೆದ ಆ ಯಂತ್ರಕ್ಕೆ ಬಾಬಿನ್ನೇ ಇಲ್ಲ, ಓಡುವಾಗ ಸದ್ದೂ ಇಲ್ಲವೆನ್ನುವಷ್ಟು ಕಡಿಮೆ. ಕೊನೆಗೆ ಒಂದು ಹಳೆಯ ಉಷಾ ಇರಲೇಬೇಕು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಈ ಯಂತ್ರವನ್ನು ಸಂಗ್ರಾಹಕರು ‘ನಕಲು’ ಎಂದು ಮೂಗು ಮುರಿಯುತ್ತಾರೆ. ಪರದೇಶದ ಯಂತ್ರಕ್ಕೆ ಇಲ್ಲಿನವರು ಕೊಟ್ಟ ಉತ್ತರ ಅದು. ಇಂದು ಅಗ್ಗ, ನಾಳೆಯೂ ಅಗ್ಗವಾಗಿರುತ್ತದೆಂದು ಹೇಳಲಾಗದು.

ಗಾಂಧೀಜಿಯ ಹೆಸರು ಹೇಳಿ ಸಿಂಗರ್ ಮಾರುವವರೂ ಇದ್ದಾರೆ. ಯಂತ್ರನಾಗರಿಕತೆಯನ್ನು ಅಷ್ಟು ಟೀಕಿಸಿದ ಅವರು 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ರಿಯಾಯಿತಿ ಕೊಟ್ಟದ್ದು ನಿಜ. ಅದು ಆ ವರ್ಷ ಅವರ ವಾರಪತ್ರಿಕೆ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾಯಿತು. ಕೈಹೊಲಿಗೆಯಲ್ಲಿ ಸವೆಯುತ್ತಿದ್ದ ಹೆಂಡತಿಯನ್ನು ಕಂಡು, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಇದನ್ನು ಮಾಡಿದನೆಂದು ಅವರು ಹೇಳಿದರು. ನಾಟಕದ ಕಂಪನಿ ಕಟ್ಟಿ ಊರೂರು ಅಲೆದ, ಹಲವು ಹೆಂಗಸರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಪಡೆದ ಸಿಂಗರ್‌ನ ಚರಿತ್ರೆ ಓದಿದವರಿಗೆ ಇದು ನಗು ತರಿಸುತ್ತದೆ. ಯಂತ್ರದ ಬಗ್ಗೆ ಗಾಂಧೀಜಿ ಹೇಳಿದ್ದು ಸರಿಯಾಗಿಯೇ ಇತ್ತು, ಮನುಷ್ಯನ ಬಗ್ಗೆ ಅವರಿಗೆ ತಲುಪಿದ ಸುದ್ದಿ ಬೇರೆಯಾಗಿತ್ತು.

ಇನ್ನೊಂದು ಎಚ್ಚರಿಕೆ. ನಿಮ್ಮ ಯಂತ್ರದ ಸುದ್ದಿ ಹರಡಿದರೆ ‘ಒಳಗೆ ಕೆಂಪು ಪಾದರಸ ಇದೆ, ಲಕ್ಷಗಟ್ಟಲೆ ಕೊಡುತ್ತೇವೆ’ ಎಂದು ಯಾರಾದರೂ ಬರಬಹುದು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಈ ಗಾಳಿಸುದ್ದಿ ಎದ್ದು, ಹಳೆಯ ಸಿಂಗರ್‌ಗಳಿಗೆ ಜನ ಹುಚ್ಚು ಬೆಲೆ ಕೊಟ್ಟರು. ಮೊಬೈಲನ್ನು ಸೂಜಿಯ ಹತ್ತಿರ ಹಿಡಿದಾಗ ಸಂಪರ್ಕ ಕಡಿದುಹೋದರೆ ಪಾದರಸ ಇದೆ ಎಂದು ಪರೀಕ್ಷೆ ಬೇರೆ! ಎರಕದ ಕಬ್ಬಿಣ, ಉಕ್ಕು, ಒಂದಿಷ್ಟು ಹಿತ್ತಾಳೆ ಬಿಟ್ಟರೆ ಈ ಯಂತ್ರದಲ್ಲಿ ಏನೂ ಇಲ್ಲ. ಅಕ್ಕಿಕಾಳನ್ನು ಸೆಳೆಯುವ ಶಕ್ತಿಯಿದೆ ಎಂದು ನಂಬಿಸಿ ಮಾರುವ ನಮ್ಮ ‘ರೈಸ್ ಪುಲ್ಲರ್’ ಪಾತ್ರೆಯ ವಂಚನೆಯದೇ ಜಾತಿ ಇದು. ಮುಂಗಡ ಕೇಳಿದ ಕೂಡಲೇ ಬಾಗಿಲು ಹಾಕಿ.

ಈಗ ನಿಮ್ಮ ಗಾಲಿಯ ವಿಷಯ. ಬಲವಂತವಾಗಿ ತಿರುಗಿಸಬೇಡಿ. ನಮ್ಮ ಮನೆಗಳ ಯಂತ್ರ ಹಿಡಿದುಕೊಳ್ಳಲು ತುಕ್ಕಿಗಿಂತ ದೊಡ್ಡ ಕಾರಣ ಅಡುಗೆಮನೆಯ ಎಣ್ಣೆ. ಮಷೀನಿನ ಎಣ್ಣೆ ಮುಗಿದಾಗ ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಎರಡು ಹನಿ ಬಿಟ್ಟಿರುತ್ತಾರೆ. ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆಗೆ ಬರವೇ? ವರ್ಷಗಳು ಕಳೆದಂತೆ ಅದು ಧೂಳಿನ ಜೊತೆ ಸೇರಿ ಗೋಂದಾಗುತ್ತದೆ. ಎಣ್ಣೆ ಬಿಡುವ ತೂತುಗಳಿಗೂ, ಯಂತ್ರ ಮಗುಚಿದಾಗ ಕಾಣುವ ಕೀಲುಗಳಿಗೂ ಸೀಮೆಎಣ್ಣೆ ಹನಿಸಿ ರಾತ್ರಿಯಿಡೀ ಬಿಡಿ. ಸೀಮೆಎಣ್ಣೆ ಸಿಗದಿದ್ದರೆ ಮಷೀನಿನ ಎಣ್ಣೆಯನ್ನೇ ಧಾರಾಳವಾಗಿ ಬಿಟ್ಟು, ಕೂದಲು ಒಣಗಿಸುವ ಯಂತ್ರದಿಂದ ಕಬ್ಬಿಣದ ಕೀಲುಗಳನ್ನಷ್ಟೇ ಬೆಚ್ಚಗೆ ಮಾಡಿ. ಮರುದಿನ ಗಾಲಿಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸಿ. ಮತ್ತೆ ಹನಿಸಿ, ಮತ್ತೆ ಕಾಯಿರಿ. ಹಲವು ದಿನ ಹಿಡಿಯಬಹುದು. ಶಟಲ್ ಓಡುವ ದಾರಿಯಲ್ಲಿ ಹಳೆಯ ದಾರದ ಉಂಡೆ ಸಿಕ್ಕಿಕೊಂಡಿದೆಯೇ ನೋಡಿ. ಬಿಟ್ಟುಕೊಂಡ ಮೇಲೆ ಸೀಮೆಎಣ್ಣೆಯನ್ನು ಪೂರ್ತಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಬರೀ ಸೀಮೆಎಣ್ಣೆಯಲ್ಲಿ ಓಡಿಸಿದರೆ ಕೀಲು ಸವೆಯುತ್ತದೆ.

ಗಾಲಿ ತಿರುಗಿದರೂ ಸೂಜಿ ಅಲುಗದಿದ್ದರೆ ಗಾಬರಿ ಬೇಡ. ಗಾಲಿಯ ನಡುವಿನ ದೊಡ್ಡ ತಿರುಪನ್ನು ಬಿಚ್ಚಿದರೆ ಒಳಗೆ ಸಣ್ಣ ಕಿವಿಗಳಿರುವ ಒಂದು ವಾಷರ್ ಇದೆ. ಅದನ್ನು ತಿರುವುಮುರುವಾಗಿ ಕೂಡಿಸಿದರೆ ಹೀಗಾಗುತ್ತದೆ. ಅರ್ಧ ಸುತ್ತು ತಿರುಗಿಸಿ ಕೂಡಿಸಿದರೆ ಸರಿಹೋಗುತ್ತದೆ.

ದಾರ ಹಾಕುವಾಗ ಸೂಜಿಯ ದಿಕ್ಕು ನೋಡಿಕೊಳ್ಳಿ. ಈಗಿನ ಸಾಮಾನ್ಯ ಮನೆಬಳಕೆಯ ಸೂಜಿಯೇ 27, 28ಕ್ಕೂ ಸಾಕು. ಅದರ ಚಪ್ಪಟೆ ಮೈ ಬಲಕ್ಕೆ, ಅಂದರೆ ಕಂಬದ ಕಡೆಗೆ ಇರಬೇಕು. ದಾರ ಎಡದಿಂದ ಬಲಕ್ಕೆ ಹೋಗಬೇಕು. ನಮ್ಮ ದರ್ಜಿಗಳ ಕೈಗೆ ಒಗ್ಗಿದ ಯಂತ್ರಗಳಲ್ಲಿ ಹೆಚ್ಚಿನವು 15ರ ವಂಶದವು. ಅವುಗಳಲ್ಲಿ ಎಲ್ಲವೂ ಇದಕ್ಕೆ ಉಲ್ಟಾ. ಅಭ್ಯಾಸಬಲದಿಂದ ದರ್ಜಿ ಸೂಜಿಯನ್ನು ಉಲ್ಟಾ ಹಾಕುತ್ತಾರೆ, ಹೊಲಿಗೆ ತಪ್ಪುತ್ತದೆ, ‘ಮಷೀನು ಕೆಟ್ಟಿದೆ ಅಮ್ಮಾ, ಗುಜರಿಗೆ ಹಾಕಿ’ ಎಂಬ ತೀರ್ಪು ಬರುತ್ತದೆ. ಎಷ್ಟು ಒಳ್ಳೆಯ ಯಂತ್ರಗಳು ಈ ಒಂದು ಕಾರಣಕ್ಕೆ ತೂಕಕ್ಕೆ ಹೋಗಿವೆಯೋ! ಹಿಂದಕ್ಕೆ ಹೊಲಿಯುವ ಸೌಕರ್ಯ ಇದರಲ್ಲಿಲ್ಲ. ಕೊನೆಯಲ್ಲಿ ಬಟ್ಟೆಯನ್ನೇ ತಿರುಗಿಸಿ ನಾಲ್ಕು ಹೊಲಿಗೆ ಹಾಕಬೇಕು.

ಹೊಸ ಬಣ್ಣ ಖಂಡಿತ ಬೇಡ. ಆ ಕಪ್ಪು ಮಾಮೂಲಿ ಪೇಂಟ್ ಅಲ್ಲ. ಡಾಂಬರಿನ ಜಾತಿಯ ದ್ರವವನ್ನು ಎರಕಕ್ಕೆ ಬಳಿದು, ಒಲೆಯಲ್ಲಿ ಸುಟ್ಟು ಗಟ್ಟಿ ಮಾಡಿದ ಲೇಪ. ಅದರ ಮೇಲೆ ಚಿನ್ನದ ಬಣ್ಣದ ಚಿತ್ತಾರ, ಅದರ ಮೇಲೆ ಅರಗಿನ ತೆಳುವಾದ ಪದರ. ಈ ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಸ್ಯಾನಿಟೈಸರ್, ಥಿನ್ನರ್, ಗಾಜು ಒರೆಸುವ ದ್ರವ ಯಾವುದನ್ನು ಹಾಕಿದರೂ ಅರಗಿನ ಜೊತೆ ಚಿತ್ತಾರವೂ ಬಟ್ಟೆಗೆ ಬರುತ್ತದೆ. ಸೋಪಿನ ನೀರೂ ಬೇಡ. ಮಷೀನಿನ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ, ಒತ್ತದೆ, ಅಂಗೈಯಷ್ಟು ಜಾಗವನ್ನು ಒಮ್ಮೆಗೆ ಒರೆಸಿ. ಹತ್ತಿ ಕಂದಾದರೆ ಕೊಳೆ, ಚಿನ್ನದ ಬಣ್ಣ ಕಂಡರೆ ತಕ್ಷಣ ನಿಲ್ಲಿಸಿ. ನಿಮ್ಮ ಅಜ್ಜಿ ಬಟ್ಟೆ ಹಿಡಿದು ಸರಿಸಿದ ಜಾಗದಲ್ಲೇ ಚಿತ್ತಾರ ಅಳಿಸಿರುತ್ತದೆ. ಅದನ್ನು ದೋಷವೆಂದು ಎಣಿಸುವ ಸಂಗ್ರಾಹಕನಿಗೆ ಮಾರದಿರುವುದೇ ಮೇಲು. ಹೊಸ ಬಣ್ಣ ಹೊಡೆದ, ಹೊಸ ಚಿತ್ತಾರ ಅಂಟಿಸಿದ ಯಂತ್ರ ಕೊಂಡವನಿಗೆ ಅದರ ಕೆಳಗೆ ಏನಿತ್ತೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಅದಕ್ಕೇ ಅದರ ಬೆಲೆ ಇಳಿಯುವುದು.

ಕೊನೆಯದು ಜರ್ಮನಿಯ ಪ್ರಶ್ನೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ, ಹಿಂದಿನ ಕಾಲದ ವಿಜ್ಞಾನ, ಕಲೆ, ಕಸುಬು ಮುಂತಾದವನ್ನು ತೋರುವ, ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತು ‘ಪುರಾವಸ್ತು’ ಎನಿಸಬಹುದು. ಪುರಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನಿಮ್ಮ ‘ಎಫ್’ ಯಂತ್ರ ಆ ಗೆರೆಯನ್ನು ದಾಟಿದೆ. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾದ ವಸ್ತು ಎಂಬ ವಾದವನ್ನು ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನ ಎದುರು ಮಂಡಿಸುವುದಕ್ಕಿಂತ, ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ಕಚೇರಿಯಲ್ಲಿ ವಿಚಾರಿಸಿ. ನಾಲ್ಕೂ ಕಡೆಯ ಫೋಟೋ ಮತ್ತು ಸಂಖ್ಯೆಯನ್ನು ಒಯ್ದು, ಇದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಕೇಳಿ. ಅದು ಕೈಗೆ ಬರುವವರೆಗೆ ಯಂತ್ರವನ್ನು ಪೊಟ್ಟಣ ಕಟ್ಟಬೇಡಿ. ಸಿಗದಿದ್ದರೆ ಮಗಳಿಗೆ ಹೇಳಿ: ಡ್ರೆಸ್ಡೆನ್‌ನ ಸೈಡೆಲ್ ಉಂಡ್ ನೌಮಾನ್, ಕೈಸರ್ಸ್‌ಲೌಟರ್ನ್‌ನ ಫಾಫ್, ದುರ್ಲಾಖ್‌ನ ಗ್ರಿಟ್ಸ್‌ನರ್ ಎಲ್ಲವೂ ಆ ದೇಶದಲ್ಲೇ ಹುಟ್ಟಿದವು, ಅಲ್ಲಿನ ಹಳೆಯ ಸಾಮಾನಿನ ಸಂತೆಗಳಲ್ಲಿ ಕೈಮಷೀನಿಗೆ ಕೊರತೆಯಿಲ್ಲ. ಅಲ್ಲೊಂದನ್ನು ಕೊಳ್ಳಲಿ, ತಗಡು ಸರಿಸಿ ಶಟಲ್ ನೋಡಿಯೇ ಕೊಳ್ಳಲಿ.